ಗುಡಾರದ ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು ಹೇಗೆ? ದಾವಣಗೆರೆಯಿಂದ ಒಂದು ಪ್ರಶ್ನೆ

ಪ್ರಶ್ನೆ: ಎಸ್‌ಡಿಎಂಸಿ ಸದಸ್ಯೆ, ಹಳೇ ದಾವಣಗೆರೆ

ನಾನು ಇಲ್ಲಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿದ್ದೇನೆ. ಮಗ ಅದೇ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿರುವುದರಿಂದ ಸದಸ್ಯತ್ವ ಬಂದಿತೇ ಹೊರತು ಕಾಯ್ದೆ ಕಾನೂನುಗಳ ಬಗ್ಗೆ ನನಗೆ ಹೆಚ್ಚಿನ ತಿಳಿವಳಿಕೆ ಇಲ್ಲ. ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಮಂಡಕ್ಕಿ ಭಟ್ಟಿಗಳನ್ನು ದಾಟಿದರೆ ಸಿಗುವ ಒಂದು ಖಾಲಿ ನಿವೇಶನದಲ್ಲಿ, ಕಾಂಪೌಂಡ್ ಗೋಡೆಗೆ ಒರಗಿಸಿಕೊಂಡು, ನಾಲ್ಕು ಟಾರ್ಪಾಲು ಗುಡಾರಗಳಿವೆ. ಗಂಡಸರು ಒರಳುಕಲ್ಲು ಕಡೆದು ಮಾರುತ್ತಾರೆ. ಹೆಂಗಸರು ಉದುರಿದ ಕೂದಲನ್ನು ಕೊಂಡು ಅದಕ್ಕೆ ಬದಲಾಗಿ ಪಿನ್ನು, ಸ್ಟೀಲ್ ಲೋಟ ಕೊಡುತ್ತಾ ಓಣಿ ಓಣಿ ತಿರುಗುತ್ತಾರೆ. ಮಳೆಗಾಲ ಕಳೆಯುವವರೆಗೆ ಇಲ್ಲಿದ್ದು, ಬೆಳಕಿನ ಹಬ್ಬ ಮುಗಿದ ಮೇಲೆ ಹರಿಹರ, ರಾಣೆಬೆನ್ನೂರು ಎಂದು ಜಾತ್ರೆಗಳ ಹಿಂದೆ ಹೊರಡುತ್ತಾರಂತೆ. ಒಂದು ಗುಡಾರದಲ್ಲಿ ಮೂವರು ಮಕ್ಕಳಿದ್ದಾರೆ. ಹಿರಿಯವಳಿಗೆ ಒಂಬತ್ತು ವರ್ಷವೆಂದು ತಾಯಿ ಹೇಳುತ್ತಾರೆ. ಅವಳು ರಾಣೆಬೆನ್ನೂರಿನ ಬಳಿಯ ಒಂದು ಶಾಲೆಯಲ್ಲಿ ಎರಡನೆಯ ತರಗತಿಯವರೆಗೆ ಹೋಗಿದ್ದಾಳೆ. ಆರು ವರ್ಷದ ಹುಡುಗ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ. ಇನ್ನೊಂದು ಕೈಗೂಸು.

ಜೂನ್ ತಿಂಗಳಿನಿಂದ ಈ ಹುಡುಗಿ ತಾನಾಗಿಯೇ ನಮ್ಮ ಶಾಲೆಗೆ ಬರುತ್ತಿದ್ದಾಳೆ. 'ಕೂರಲಿ ಬಿಡಿ' ಎಂದು ಶಿಕ್ಷಕಿ ನಾಲ್ಕನೆಯ ತರಗತಿಯಲ್ಲಿ ಜಾಗ ಕೊಟ್ಟಿದ್ದಾರೆ, ಬಿಸಿಯೂಟವನ್ನೂ ಬಡಿಸುತ್ತಾರೆ. ಆದರೆ ದಾಖಲಾತಿ ಆಗಿಲ್ಲ. ಬೆಳಗ್ಗೆ ಹಾಜರಿ ಕರೆಯುವಾಗ ಎಲ್ಲರ ಹೆಸರೂ ಮುಗಿದ ಮೇಲೆ, ಯಾರೂ ಕರೆಯದಿದ್ದರೂ, ಹಿಂದಿನ ಸಾಲಿನಿಂದ ಅವಳು 'ಹಾಜರ್ ಮೇಡಂ' ಎನ್ನುತ್ತಾಳೆ. ನಾನೇ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದೆ. ಪುಸ್ತಕದಲ್ಲಿ ಹೆಸರಿಲ್ಲವಾದ್ದರಿಂದ ಪಠ್ಯಪುಸ್ತಕ, ಸಮವಸ್ತ್ರ ಯಾವುದೂ ಅವಳ ಪಾಲಿಗಿಲ್ಲ.

ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಆಧಾರ್ ಬೇಕು, ಹಿಂದಿನ ಶಾಲೆಯ ಟಿ.ಸಿ. ಬೇಕು, ಜನನ ಪ್ರಮಾಣಪತ್ರ ಬೇಕು ಎನ್ನುತ್ತಾರೆ. ಸೇರಿಸಿಕೊಂಡ ಮೇಲೆ ನವೆಂಬರಿನಲ್ಲಿ ಹೊರಟುಹೋದರೆ ಶಾಲೆ ಬಿಟ್ಟ ಮಕ್ಕಳ ಲೆಕ್ಕಕ್ಕೆ ತಾವೇ ಉತ್ತರ ಹೇಳಬೇಕಾಗುತ್ತದೆ ಎಂದೂ ಹೇಳುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ಅದನ್ನು ಕೇಳಿದ ತಾಯಿ, ಮಕ್ಕಳನ್ನು ಬಾಲಮಂದಿರಕ್ಕೆ ಎತ್ತಿಕೊಂಡು ಹೋಗುತ್ತಾರೆಂದು ಹೆದರಿ ಎರಡು ದಿನ ಹುಡುಗಿಯನ್ನು ಹೊರಗೇ ಬಿಡಲಿಲ್ಲ. ಹಾಗಿರುವಾಗ ಮೊದಲು ಯಾರ ಬಳಿ ಹೋಗಬೇಕು, ಏನನ್ನು ಬರೆದುಕೊಡಬೇಕು? ಇನ್ನೊಂದು ಸಣ್ಣ ಮಾತು: ನಾನು ಕೊಟ್ಟ ಎರಡು ನೋಟ್‌ಬುಕ್ಕುಗಳು ಕಳೆದ ವಾರದ ಮಳೆಗೆ ನೆನೆದು ಮುದ್ದೆಯಾಗಿವೆ.

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಚಿತ್ರದುರ್ಗ

ಅಮ್ಮಾ, ನಿಮ್ಮ ಮುಖ್ಯೋಪಾಧ್ಯಾಯರನ್ನು ನಾನು ದೂರುವುದಿಲ್ಲ. ಆ ಕುರ್ಚಿಯಲ್ಲಿ ಕುಳಿತು ನಾನೂ ಅದೇ ಕಾಗದಗಳನ್ನು ಕೇಳಿದವನೇ. ಆದರೆ ಅವರು ಕೇಳುತ್ತಿರುವ ಮೂರೂ ಕಾಗದಗಳಿಗೆ ಕಾಯ್ದೆಯಲ್ಲಿಯೇ ಉತ್ತರವಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 14ನೆಯ ಕಲಮಿನ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ಸಿಗದಿದ್ದಲ್ಲಿ ಆಸ್ಪತ್ರೆಯ ಅಥವಾ ಅಂಗನವಾಡಿಯ ದಾಖಲೆ, ಅದೂ ಇಲ್ಲದಿದ್ದರೆ ತಂದೆ ತಾಯಿಯ ಘೋಷಣೆ ಸಾಕು. 5ನೆಯ ಕಲಮು ಟಿ.ಸಿ.ಯ ಮಾತನ್ನು ಹೇಳುತ್ತದೆ: ಮಗು ಬೇರೆ ಶಾಲೆಗೆ ಹೋಗುವುದಾದರೆ ಹಳೆಯ ಶಾಲೆಯವರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು, ತಡಮಾಡಿದರೆ ಅವರ ಮೇಲೆ ಶಿಸ್ತುಕ್ರಮ ಆಗಬಹುದು, ಮತ್ತು ಪತ್ರ ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಆಧಾರ್ ಅಂತೂ ಈ ಕಾಯ್ದೆಯಲ್ಲೇ ಇಲ್ಲದ ಬೇಡಿಕೆ. ಆಧಾರ್ ಇಲ್ಲವೆಂದು ಶಾಲೆಯ ಪ್ರವೇಶ ತಪ್ಪಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಜೂನ್ ದಾಟಿತು ಎನ್ನುವ ನೆಪಕ್ಕೂ 15ನೆಯ ಕಲಮು ಅವಕಾಶ ಕೊಡುವುದಿಲ್ಲ. ಇಷ್ಟನ್ನು ಒಂದು ಪುಟದಲ್ಲಿ ಬರೆದು, ತಾಯಿಯ ಹೆಬ್ಬೆಟ್ಟಿನ ಘೋಷಣೆಯನ್ನು ಜೊತೆಗಿಟ್ಟು, ಎಸ್‌ಡಿಎಂಸಿಯ ನಡಾವಳಿಯಲ್ಲಿ ಸೇರಿಸಿ ಮುಖ್ಯೋಪಾಧ್ಯಾಯರ ಕೈಗೆ ಕೊಡಿ. ಅವರಿಗೂ ಒಂದು ಆಧಾರ ಸಿಕ್ಕಂತಾಗುತ್ತದೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿ.ಇ.ಒ.) ಕಚೇರಿಯಲ್ಲಿ ಕೇಳಿದರೆ ತೋರಿಸಲು ಕಾಗದ ಇರುತ್ತದೆ. ಹುಡುಗಿ ಹಿಂದೆ ದಾಖಲಾಗಿದ್ದಳು ಎಂದಮೇಲೆ ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ಅವಳಿಗೊಂದು ಎಸ್‌ಎಟಿಎಸ್ ಸಂಖ್ಯೆ ಇದ್ದೀತು. ಸಿ.ಆರ್.ಪಿ. (ಸಮೂಹ ಸಂಪನ್ಮೂಲ ವ್ಯಕ್ತಿ) ಮೂಲಕ ಆ ಶಾಲೆಯನ್ನು ಪತ್ತೆಹಚ್ಚಿಸಿ. ಹೊಸ ಸಂಖ್ಯೆ ಮಾಡಿಸಿದರೆ ಒಂದೇ ಮಗು ಎರಡು ಕಡೆ ಕಾಣಿಸಿಕೊಂಡು ಮುಂದೆ ತೊಡಕಾಗುತ್ತದೆ.

ದಾಖಲಾತಿಯೆಂಬುದು ಅರ್ಧ ದಿನದ ಕೆಲಸ. ಮಗು ನವೆಂಬರಿನಲ್ಲಿ ಎದ್ದುಹೋಗುವುದನ್ನು ಹೇಗೆ ಎದುರಿಸುತ್ತೀರಿ ಎನ್ನುವುದೇ ನಿಜವಾದ ಪ್ರಶ್ನೆ, ಮತ್ತು ನಾನು ನನ್ನ ಸೇವೆಯಲ್ಲಿ ಹೆಚ್ಚು ಸೋತದ್ದು ಅಲ್ಲಿಯೇ. ಒಂದರಿಂದ ಮೂರನೆಯ ತರಗತಿಯವರೆಗೆ, ಮಗು ತನ್ನ ವೇಗದಲ್ಲೇ ಕಲಿಯುವ ನಲಿ-ಕಲಿ ಪದ್ಧತಿ ಇರುವುದರಿಂದ ಈ ಮಕ್ಕಳಿಗೆ ಒಂದು ಅನುಕೂಲವಿತ್ತು. ಕಲಿಕಾ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿ ನಿಂತಿತ್ತೋ, ತಿಂಗಳು ಬಿಟ್ಟು ಬಂದರೂ ಅದೇ ಮೆಟ್ಟಿಲಿನಿಂದ ಹತ್ತಬಹುದು. ತರಗತಿ ಮುಂದೆ ಹೋಯಿತು, ತಾನು ಹಿಂದೆ ಉಳಿದೆ ಎಂಬ ಭಾವನೆ ಅಷ್ಟಾಗಿ ಬರುವುದಿಲ್ಲ. ನಾಲ್ಕನೆಯ ತರಗತಿಗೆ ಬಂದೊಡನೆ ಆ ಏಣಿ ತಪ್ಪಿಹೋಗುತ್ತದೆ. ನಿಮ್ಮ ಹುಡುಗಿ ಈಗ ನಿಂತಿರುವುದು ಸರಿಯಾಗಿ ಆ ಜಾಗದಲ್ಲಿ. ಕಾಯ್ದೆಯ 4ನೆಯ ಕಲಮಿನಂತೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದುಳಿದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು. ಕೇಂದ್ರದ ಮಾದರಿ ನಿಯಮಗಳು ಅದಕ್ಕೆ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ ಎಂದು ಅವಧಿ ಹಾಕಿವೆ. ನಮ್ಮ ಕಾಲದಲ್ಲಿ ಶಾಲೆ ಬಿಟ್ಟ ಮಕ್ಕಳಿಗಾಗಿ ನಡೆಸುತ್ತಿದ್ದ 'ಚಿಣ್ಣರ ಅಂಗಳ'ದಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಹುಡುಗಿಯನ್ನು ಎರಡನೆಯ ತರಗತಿಗೆ ಇಳಿಸಿ ಎನ್ನುವವರ ಮಾತನ್ನು ಕೇಳಬೇಡಿ. ತಮ್ಮನ ವಯಸ್ಸಿನವರ ನಡುವೆ ಕೂತ ಹುಡುಗಿ ವರ್ಷದೊಳಗೆ ಶಾಲೆ ಬಿಡುವುದನ್ನು ನಾನು ಒಮ್ಮೆಯಲ್ಲ, ಹಲವು ಸಲ ನೋಡಿದ್ದೇನೆ.

ನೋಟ್‌ಬುಕ್ ನೆನೆದ ಮಾತನ್ನು ನೀವು ಸಣ್ಣದೆಂದಿರಿ. ಅದು ಸಣ್ಣದಲ್ಲ. ಪುಸ್ತಕ ಒದ್ದೆಯಾದ ಮರುದಿನ ಮಗು ಬರುವುದಿಲ್ಲ, ಮೂರು ದಿನ ಬರದಿದ್ದರೆ ನಾಲ್ಕನೆಯ ದಿನ ಬರಲು ನಾಚುತ್ತದೆ. ನನ್ನ ಕೊಠಡಿಯ ಬೀರುವಿನ ಕೆಳಗಿನ ಖಾನೆಯನ್ನು ಇಂಥ ಮಕ್ಕಳಿಗೆ ಬಿಟ್ಟುಕೊಟ್ಟಿದ್ದೆ. ಸಂಜೆ ಪಾಟಿಚೀಲ ಅಲ್ಲಿಟ್ಟು ಹೋಗುವುದು, ಬೆಳಗ್ಗೆ ತೆಗೆದುಕೊಳ್ಳುವುದು. ಮನೆಗೆಲಸ ಬಿಟ್ಟುಬಿಡಿ. ದೀಪವಿಲ್ಲದ ಕಡೆ ಎಂಥ ಮನೆಗೆಲಸ!

2011ರ ಜನಗಣತಿಯಲ್ಲಿ ವಸತಿಹೀನರನ್ನು ಎಣಿಸಲು ಫೆಬ್ರವರಿ 28ರ ರಾತ್ರಿಯನ್ನು ಗೊತ್ತುಮಾಡಿದ್ದರು. ಬಸ್ ನಿಲ್ದಾಣ, ಗುಡಿಯ ಮಂಟಪ, ರೈಲ್ವೆ ಪ್ಲಾಟ್‌ಫಾರಂ, ಸಿಮೆಂಟಿನ ಪೈಪು, ಇಂಥಲ್ಲಿ ಮಲಗುವವರೆಲ್ಲ ಆ ಲೆಕ್ಕಕ್ಕೆ ಬಂದರು, ದೇಶದಲ್ಲಿ 17.7 ಲಕ್ಷ ಜನ. ಬ್ಯಾಟರಿ ಹಿಡಿದು ಹೋದ ನೂರಾರು ಶಿಕ್ಷಕರಲ್ಲಿ ನಾನೂ ಒಬ್ಬ. ಬಸ್ ನಿಲ್ದಾಣದ ಕಂಬದ ಬುಡದಲ್ಲಿ ಮಲಗಿದ್ದ ಒಬ್ಬ ಹುಡುಗ ಎದ್ದು ಕುಳಿತು ನನ್ನನ್ನು 'ಸಾರ್' ಎಂದ. ಆರು ತಿಂಗಳ ಹಿಂದೆ ಹಾಜರಿಯಲ್ಲಿ ನಾನೇ ಕೆಂಪು ಗೆರೆ ಎಳೆದ ಹುಡುಗ. ಅಲ್ಲಿಯವರೆಗೆ ಅವನ ಬಿಡಾರ ಎಲ್ಲಿದೆಯೆಂದು ನಾನು ಕೇಳಿರಲಿಲ್ಲ.

ಉತ್ತರ: ವಕೀಲೆ, ದಾವಣಗೆರೆ

ಹಿರಿಯರು ಶಾಲೆಯ ಭಾಗವನ್ನು ಹೇಳಿದ್ದಾರೆ. ನಾನು 1098ರ ಬಗ್ಗೆ ಇರುವ ಹೆದರಿಕೆಯ ಕುರಿತು ಬರೆಯುತ್ತೇನೆ, ಏಕೆಂದರೆ ಆ ತಾಯಿಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮನೆಯಾಗಲೀ ನೆಲೆಯಾಗಲೀ ಇಲ್ಲದೆ, ಕಣ್ಣಿಗೆ ಕಾಣುವ ಜೀವನೋಪಾಯವೂ ಇಲ್ಲದೆ ಕಂಡುಬಂದ ಮಗು 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು' ಆಗುತ್ತದೆ. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ತಾಯಿ ಕೇಳಿರುವುದು ಇಷ್ಟು ಭಾಗವನ್ನು. ಅದೇ ಕಾಯ್ದೆಯ 3ನೆಯ ಕಲಮು, ಮಗುವನ್ನು ಸಂಸ್ಥೆಯಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ ಮಾಡಬೇಕಾದ ಕೊನೆಯ ಕ್ರಮ ಎನ್ನುತ್ತದೆ. ಅದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಬೀದಿಯ ಮಕ್ಕಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಕಾರ್ಯವಿಧಾನವೂ ಒಬ್ಬಂಟಿಯಾಗಿ ಬೀದಿಯಲ್ಲಿರುವ ಮಗು, ಹಗಲು ಬೀದಿಯಲ್ಲಿದ್ದು ರಾತ್ರಿ ಮನೆಗೆ ಮರಳುವ ಮಗು, ಕುಟುಂಬದೊಡನೆ ಬೀದಿಯಲ್ಲೇ ವಾಸಿಸುವ ಮಗು ಎಂದು ಮೂವರನ್ನು ಬೇರೆ ಬೇರೆಯಾಗಿ ನೋಡುತ್ತದೆ. ನಿಮ್ಮ ಹುಡುಗಿ ಮೂರನೆಯ ಗುಂಪಿನವಳು. ತಂದೆ ತಾಯಿ ಇದ್ದಾರೆ, ದುಡಿಯುತ್ತಿದ್ದಾರೆ, ಮಗಳು ತಾನಾಗಿಯೇ ಶಾಲೆಗೆ ಬರುತ್ತಿದ್ದಾಳೆ. ಇಲ್ಲಿ ಕರೆ ಮಾಡಿ ವಾಹನ ಕರೆಸುವ ಸಂದರ್ಭವೇ ಇಲ್ಲ. ಹೊಡೆತ, ಭಿಕ್ಷೆ, ಬಾಲ್ಯವಿವಾಹದ ಸುಳಿವು ಕಂಡರೆ ಆ ಮಾತು ಬೇರೆ, ಆಗ ಹಿಂಜರಿಯಬೇಡಿ.

ಅದರ ಬದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಾಯಿಯನ್ನೇ ಕರೆದುಕೊಂಡು ಹೋಗಿ ಪ್ರಾಯೋಜಕತ್ವಕ್ಕೆ, ಅಂದರೆ ಮಗುವನ್ನು ಕುಟುಂಬದಲ್ಲೇ ಸಾಕಲು ಕೊಡುವ ಧನಸಹಾಯಕ್ಕೆ, ಅರ್ಜಿ ಹಾಕಿಸಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ನಗರದಲ್ಲಿ 96,000, ಗ್ರಾಮಾಂತರದಲ್ಲಿ 72,000 ರೂಪಾಯಿ ಮೀರಿರಬಾರದು. ವಸತಿಯಿಲ್ಲದ ಮಕ್ಕಳನ್ನು ಆ ಮಾರ್ಗಸೂಚಿಯಲ್ಲಿ ಹೆಸರಿಸಿಯೇ ಹೇಳಿದೆ. ಮಗುವನ್ನು ಕುಟುಂಬದಿಂದ ಬೇರ್ಪಡಿಸದಿರುವುದೇ ಈ ಯೋಜನೆಯ ಉದ್ದೇಶ ಎಂಬುದನ್ನು ತಾಯಿಗೆ ಅವರದೇ ಮಾತಿನಲ್ಲಿ ತಿಳಿಸಿ. ಹಣ ಬರಬೇಕಾದರೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಗುರುತಿನ ಚೀಟಿ ಬೇಕು. ಸುತ್ತಿ ಸುತ್ತಿ ಮತ್ತೆ ಆಧಾರಿನ ಬಾಗಿಲಿಗೇ ಬರುತ್ತೀರಿ. ಶಾಲೆಗೆ ಆಧಾರ್ ಬೇಡ ಎನ್ನುವುದು ನಿಜ, ಬದುಕಿಗೆ ಬೇಡ ಎನ್ನಲು ಬಾರದು. ಹಾಗಾಗಿ ಅರ್ಜಿ ಹಾಕಿಸುವುದನ್ನು ಮುಂದೂಡಬೇಡಿ, ಆದರೆ ದಾಖಲಾತಿಯನ್ನು ಅದಕ್ಕಾಗಿ ಕಾಯಿಸಲೂಬೇಡಿ.

ಕೈಗೂಸಿನ ವಿಷಯವನ್ನು ನೀವು ಹಾಯ್ದುಹೋಗುವಂತೆ ಬರೆದಿದ್ದೀರಿ. ಜನನ ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದೂ ಸೇರಿದಂತೆ ಹಲವು ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಹುಟ್ಟಿ ವರ್ಷ ದಾಟಿದರೆ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಅಕ್ಕನಿಗೆ ಈಗ ಆಗುತ್ತಿರುವ ತೊಂದರೆ ಕೂಸಿಗೆ ಇನ್ನೂ ಬಿಗಿಯಾಗಿ ಕಾದಿದೆ, ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನು ಮುಗಿಸಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಹೆಂಗಸರಿಗೂ ಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಉತ್ತರ: ಓದುಗ, ವಿದ್ಯಾನಗರ

ಒಂದು ಹೋಲಿಕೆ ಮಾತ್ರ. ನನ್ನ ತಂಗಿ ಅಮೆರಿಕದ ಒಂದು ಸರ್ಕಾರಿ ಶಾಲೆಯಲ್ಲಿ ಸಹಾಯಕಿ. ಅಲ್ಲಿ 1987ರ ಮೆಕಿನ್ನಿ-ವೆಂಟೋ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ, ಮನೆ ಕಳೆದುಕೊಂಡ ಮಗುವನ್ನು ದಾಖಲೆಗಳಿಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು; ಕುಟುಂಬ ಬೇರೆ ಬಡಾವಣೆಗೆ ಹೋದರೂ ಮಗು ಮೊದಲಿನ ಶಾಲೆಯಲ್ಲೇ ಓದು ಮುಂದುವರಿಸಬಹುದು, ಓಡಾಟದ ವ್ಯವಸ್ಥೆ ಶಾಲಾ ಆಡಳಿತದ್ದು; ಪ್ರತಿ ಶಾಲಾ ಜಿಲ್ಲೆಯಲ್ಲಿ ಈ ಮಕ್ಕಳ ಕೆಲಸಕ್ಕೆಂದೇ ಒಬ್ಬ ಸಂಪರ್ಕಾಧಿಕಾರಿ ಇರುತ್ತಾರೆ. ನಂಟರ ಮನೆಯ ಪಡಸಾಲೆಯಲ್ಲಿ ದಿನ ದೂಡುವವರನ್ನೂ ಅಲ್ಲಿ ವಸತಿಹೀನರೆಂದೇ ಎಣಿಸುತ್ತಾರಂತೆ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಮು ವಲಸೆ ಕುಟುಂಬಗಳ ಮಕ್ಕಳನ್ನು ಸೇರಿಸುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರದ ಮೇಲೆ ಹೊರಿಸಿದೆ. ಆದರೆ ಆ ಹೊಣೆ ಇಂಥ ಮೇಜಿನ ಹಿಂದೆ ಕುಳಿತ ಇಂಥವರದು ಎಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ನಿಮ್ಮ ಶಾಲೆಯ ಮಟ್ಟಿಗಾದರೂ ಆ ಮೇಜು ನೀವೇ ಆಗಬಹುದು.

ಉತ್ತರ: ಫಿಟ್ಟರ್, ಹರಿಹರ

ನಾನು ಗುಡಾರದಲ್ಲಿ ಬೆಳೆದವನು. ಹತ್ತನೆಯ ತರಗತಿ ಮುಗಿಸುವುದರೊಳಗೆ ಏಳು ಶಾಲೆ ಕಂಡಿದ್ದೇನೆ, ನಡುವೆ ಎರಡು ವರ್ಷ ಯಾವ ಶಾಲೆಯೂ ಇಲ್ಲ. ಮೇಲಿನ ಉತ್ತರಗಳೆಲ್ಲ ಸರಿಯಾಗಿವೆ, ಒಂದೆರಡು ಕಡೆ ಮಾತ್ರ ನನ್ನ ಅನುಭವ ಬೇರೆ.

ಪಾಟಿಚೀಲವನ್ನು ಶಾಲೆಯಲ್ಲಿ ಇಡುವುದು ಒಳ್ಳೆಯದು, ಆದರೆ ಎಲ್ಲರೆದುರಿಗೆ ಬೀರು ತೆರೆದು ಕೊಡಬೇಡಿ. ನನಗೊಬ್ಬ ಮೇಷ್ಟ್ರು ಹಾಗೆ ಕೊಡುತ್ತಿದ್ದರು, ಅವರ ಮನಸ್ಸು ದೊಡ್ಡದು. ಉಳಿದ ಹುಡುಗರು ನನ್ನನ್ನು 'ಬೀರು' ಎಂದೇ ಕರೆಯತೊಡಗಿದರು. ಎರಡನೆಯದಾಗಿ, ಸೌದೆಯ ಹೊಗೆಯ ವಾಸನೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಬೆಂಚಿನಲ್ಲಿ ಪಕ್ಕದವನು ಸರಿದು ಕೂರುತ್ತಾನೆ. ಸಮವಸ್ತ್ರ ಒಂದು ಜೊತೆ ಹೆಚ್ಚಿಗೆ ಕೊಡಿಸಿ, ಶಾಲೆಯ ನಲ್ಲಿಯಲ್ಲಿ ಬೆಳಗ್ಗೆ ಬೇಗ ಬಂದು ಮುಖ ತೊಳೆಯಲು ಬಿಡಿ.

ಮೂರನೆಯ ಮಾತು ಕೈಗೂಸಿನದು. ಹಿರಿಯ ಹುಡುಗಿ ಶಾಲೆ ಬಿಡುವುದು ಬಹಳ ಸಲ ಕೂಸನ್ನು ನೋಡಿಕೊಳ್ಳಲಿಕ್ಕೆ. ನನ್ನಕ್ಕ ಬಿಟ್ಟದ್ದು ನನ್ನನ್ನು ಎತ್ತಿಕೊಳ್ಳಲಿಕ್ಕೆ. ನಾನು ಐಟಿಐ ಮುಗಿಸಿದೆ, ಅವಳು ಇವತ್ತಿಗೂ ಬಸ್ಸಿನ ಬೋರ್ಡನ್ನು ಬಣ್ಣ ನೋಡಿ ಗುರುತಿಸುತ್ತಾಳೆ. ಅಂಗನವಾಡಿಯವರ ಜೊತೆ ಮಾತಾಡಿ. ಕೂಸಿಗೆ ಆರು ತಿಂಗಳು ತುಂಬಿದ್ದರೆ ಪೌಷ್ಟಿಕ ಆಹಾರ ಸಿಗುತ್ತದೆ, ಮೂರು ವರ್ಷವಾದಾಗ ಅಲ್ಲೇ ಕೂರಿಸಬಹುದು. ಅಲ್ಲಿಯವರೆಗೆ ಗುಡಾರದಲ್ಲಿ ಯಾರಾದರೂ ಒಬ್ಬರು ದೊಡ್ಡವರು ಉಳಿಯುವಂತೆ ನಾಲ್ಕು ಮನೆಯವರನ್ನೂ ಸೇರಿಸಿ ಮಾತಾಡಿಸಿ. ವಸತಿ ಶಾಲೆಗೆ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ದಾರಿಯೇ, ಆದರೆ ತಾಯಿ ಒಪ್ಪುವ ಮೊದಲು ಒತ್ತಾಯ ಮಾಡಿದರೆ ರಾತ್ರೋರಾತ್ರಿ ಗುಡಾರ ಕೀಳುತ್ತಾರೆ.

ಊರು ಬಿಡುವಾಗ ಏನು ಕೊಡಬೇಕು ಎಂಬುದನ್ನು ಈಗಲೇ ಯೋಚಿಸಿ. ದಾವಣಗೆರೆಯ ಒಬ್ಬ ಮೇಡಂ ನನಗೊಂದು ನಲವತ್ತು ಪುಟದ ಪುಸ್ತಕ ಕೊಟ್ಟಿದ್ದರು. ಮೊದಲ ಪುಟದಲ್ಲಿ ನನ್ನ ಹೆಸರು, ಶಾಲೆಯ ಮೊಹರು, ಮುಖ್ಯೋಪಾಧ್ಯಾಯರ ಸಹಿ. ಒಳಗೆ 'ಮೂರಂಕಿ ಕೂಡುವುದು ಬರುತ್ತದೆ, ಕಳೆಯುವಾಗ ದಶಕ ಮರೆಯುತ್ತಾನೆ, ಒತ್ತಕ್ಷರ ಓದುತ್ತಾನೆ, ಬರೆಯುವಾಗ ತಪ್ಪುತ್ತಾನೆ' ಎಂದು ಅವರದೇ ಕೈಬರಹ. ಮುಂದಿನ ಮೂರು ಊರುಗಳಲ್ಲಿ ಅದನ್ನು ತೋರಿಸಿದೆ. ಯಾರೂ ನನ್ನನ್ನು ಮತ್ತೆ ಅ ಆ ಇ ಈಯಿಂದ ಶುರುಮಾಡಿಸಲಿಲ್ಲ. ಅಪ್ಪ ಅದನ್ನು ಪಡಿತರದ ಚೀಟಿ ಇಡುವ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಕಲಮುಗಳನ್ನು ಬರೆದ ಪುಟವನ್ನು ಸಭೆಯ ನಡಾವಳಿಯಲ್ಲಿ ಸೇರಿಸಿದ ಮೇಲೆ ಮುಖ್ಯೋಪಾಧ್ಯಾಯರು ಒಂದು ಮಾತನ್ನೂ ಆಡದೆ ಘೋಷಣೆಯನ್ನು ಸ್ವೀಕರಿಸಿದರು. ಅವರಿಗೂ ಬೇಕಾಗಿದ್ದದ್ದು ಅಂಥ ಒಂದು ಕಾಗದವೇ ಎಂದು ನನಗೆ ಅನಿಸಿತು. ಹುಡುಗಿ ನಾಲ್ಕನೆಯ ತರಗತಿಗೆ, ತಮ್ಮ ಒಂದನೆಯದಕ್ಕೆ ದಾಖಲಾದರು. ಹಳೆಯ ಶಾಲೆಯ ಎಸ್‌ಎಟಿಎಸ್ ಸಂಖ್ಯೆ ಇನ್ನೂ ಸಿಕ್ಕಿಲ್ಲ, ಸಿ.ಆರ್.ಪಿ. ಹುಡುಕಿಸುತ್ತಿದ್ದಾರೆ. ಕೂಸಿಗೆ ಹತ್ತು ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲೇ ಹುಟ್ಟಿದ್ದರಿಂದ ನೋಂದಣಿ ಆಗಲೇ ಆಗಿತ್ತು. ಪ್ರಮಾಣಪತ್ರವನ್ನು ತರಲು ಯಾರೂ ಹೋಗಿರಲಿಲ್ಲ, ಅಷ್ಟೆ. ಪ್ರಾಯೋಜಕತ್ವದ ಅರ್ಜಿ ಹಾಕಿದ್ದೇವೆ. ತಾಯಿ ಕಚೇರಿಯ ಬಾಗಿಲವರೆಗೆ ಬಂದು ಅರ್ಧ ಗಂಟೆ ಹೊರಗೇ ನಿಂತಿದ್ದು ಆಮೇಲೆ ಒಳಗೆ ಬಂದರು.

ಪಾಟಿಚೀಲಗಳಿಗೆ ಅಡುಗೆ ಕೋಣೆಯ ಹಿಂದಿನ ಕಪಾಟು ಗೊತ್ತುಮಾಡಿದ್ದೇವೆ, ಅಡುಗೆಯವರಿಗೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ.

ಮೊದಲ ದಿನ ಹಾಜರಿಯಲ್ಲಿ ಹೆಸರು ಕರೆದಾಗ ಹುಡುಗಿ ಉತ್ತರಿಸಲೇ ಇಲ್ಲ. ಘೋಷಣೆಯಲ್ಲಿ ಬರೆಸಿದ್ದು ತಾಯಿ ಹೇಳಿದ ಪೂರ್ಣ ಹೆಸರು. ಗುಡಾರದಲ್ಲಿ ಅವಳನ್ನು ಯಾರೂ ಹಾಗೆ ಕರೆಯುವುದಿಲ್ಲವಂತೆ. ಶಿಕ್ಷಕಿ ಎರಡನೆಯ ಸಲ ಕರೆದು ಅವಳತ್ತ ನೋಡಿದ ಮೇಲೆ ಎದ್ದು ನಿಂತಳು.

ನಲವತ್ತು ಪುಟದ ಪುಸ್ತಕವನ್ನು ಶಿಕ್ಷಕಿ ಈಗಾಗಲೇ ಬರೆಯತೊಡಗಿದ್ದಾರೆ. ಹಬ್ಬ ಮುಗಿಸಿ ಇವರು ರಾಣೆಬೆನ್ನೂರಿನ ಕಡೆಗೆ ಹೊರಡುತ್ತಾರೆ. ಆ ಭಾಗದ ಸರ್ಕಾರಿ ಶಾಲೆಯ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಯೇ ಉತ್ತರಿಸಿ. ಅವರು ಹೊರಡುವ ಮೊದಲೇ ಪುಸ್ತಕವನ್ನೂ ಟಿ.ಸಿ.ಯನ್ನೂ ಯಾವ ಶಾಲೆಯ ಹೆಸರಿಗೆ ಸಿದ್ಧಮಾಡಬೇಕೆಂದು ತಿಳಿದಿರಬೇಕು.